ಬೀಗ ತೆರೆಯುವ ಹಕ್ಕು, ತೆರೆದವನ ಹೊಣೆ

ತನ್ನದೆನ್ನುವ ವಸ್ತುವಿನ ಮೇಲೆ ಗೃಹಸ್ಥನಿಗಿರುವ ಅಧಿಕಾರವೆಷ್ಟು ಎಂಬುದು ಹಳೆಯ ಪ್ರಶ್ನೆ. ಹೊಲ, ಮನೆ, ದನಕರು, ಧಾನ್ಯ, ಪಾತ್ರೆಗಳೇ ಆಸ್ತಿಯಾಗಿದ್ದ ಕಾಲದಲ್ಲಿ ಇದಕ್ಕೆ ಉತ್ತರ ಹೇಳುವುದು ಅಷ್ಟೇನೂ ಕಠಿನವಾಗಿರಲಿಲ್ಲ. ಹಣ ತೆತ್ತು ಪೆಟ್ಟಿಗೆಯನ್ನು ಕೊಂಡವನು ಅದರ ಕೀಲಿಕೈಯನ್ನೂ ಪಡೆಯುತ್ತಿದ್ದನು. ಮಾರಿದವನು ಪೆಟ್ಟಿಗೆಯೊಳಗಿನ ಒಂದು ಅರೆಯ ಕೀಲಿಕೈಯನ್ನು ತನ್ನಲ್ಲಿಯೇ ಉಳಿಸಿಕೊಳ್ಳುತ್ತೇನೆಂದರೆ ಯಾರೂ ಒಪ್ಪುತ್ತಿರಲಿಲ್ಲ. ಇಂದು ಮನೆಮನೆಯನ್ನೂ ಹೊಕ್ಕಿರುವ ಮೊಬೈಲು, ಟ್ಯಾಬ್ಲೆಟ್ಟುಗಳ ವಿಷಯದಲ್ಲಿ ಆಗಿರುವುದು ಅದೇ. ವಸ್ತು ಕೊಂಡವನದು, ಅದರ ಅತ್ಯಂತ ಒಳಗಿನ ಅರೆಯ ಕೀಲಿಕೈ ಮಾತ್ರ ಅವನಿಗೆ ಸಿಕ್ಕುವುದಿಲ್ಲ. ಆ ಕೀಲಿಕೈಯನ್ನು ಉಪಾಯದಿಂದ ಪಡೆದುಕೊಳ್ಳುವುದಕ್ಕೆ ತರುಣರು ‘ರೂಟ್ ಮಾಡುವುದು’ ಎನ್ನುತ್ತಾರೆ. ಇದು ಕೇವಲ ಯಂತ್ರದ ವಿಷಯವೆಂದು ತಳ್ಳಿಹಾಕುವಂತಿಲ್ಲ. ಇದರಲ್ಲಿ ಅಚೌರ್ಯದ ಪ್ರಶ್ನೆಯಿದೆ, ಸತ್ಯದ ಪ್ರಶ್ನೆಯಿದೆ, ಪರಿಗ್ರಹದ ಪ್ರಶ್ನೆಯೂ ಇದೆ.

ರೂಟ್ ಎಂದರೆ ಬೇರು, ಮೂಲ. 1970ರ ಆಸುಪಾಸಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯೂನಿಕ್ಸ್ ಎಂಬ ಗಣಕವ್ಯವಸ್ಥೆ ರೂಪುಗೊಂಡಿತು. ಒಂದೇ ಗಣಕವನ್ನು ಅನೇಕರು ಹಂಚಿಕೊಂಡು ಬಳಸುವುದಕ್ಕಾಗಿ ಅದು ಪ್ರತಿಯೊಬ್ಬನಿಗೂ ಅವನವನ ಎಲ್ಲೆಯನ್ನು ಗೊತ್ತುಮಾಡಿತು. ಒಬ್ಬನ ಕಡತವನ್ನು ಇನ್ನೊಬ್ಬನು ತೆರೆಯಲಾರ. ಎಲ್ಲ ಎಲ್ಲೆಗಳನ್ನೂ ದಾಟಬಲ್ಲ ಒಬ್ಬ ಅಧಿಕಾರಿ ಮಾತ್ರ ಉಂಟು. ಅವನ ಹೆಸರು ರೂಟ್, ಅವನ ಸಂಖ್ಯೆ ಸೊನ್ನೆ. ಇದೇ ಸಂಪ್ರದಾಯದ ಲಿನಕ್ಸ್ ತಿರುಳಿನ ಮೇಲೆ ಆಂಡ್ರಾಯ್ಡ್ ವ್ಯವಸ್ಥೆ ನಿಂತಿದೆ. ಅಲ್ಲಿ ಪ್ರತಿಯೊಂದು ಆ್ಯಪ್ ಕೂಡ ಪ್ರತ್ಯೇಕ ಸಂಖ್ಯೆಯುಳ್ಳ ಒಬ್ಬ ಬಳಕೆದಾರನಂತೆ ತನ್ನ ಕೋಣೆಯಲ್ಲಿಯೇ ಇರಬೇಕು. ಆಟದ ಆ್ಯಪ್ ಬ್ಯಾಂಕಿನ ಆ್ಯಪಿನೊಳಗೆ ಇಣುಕಿ ನೋಡಲಾಗದಿರುವುದು ಈ ಏರ್ಪಾಟಿನಿಂದಲೇ. ಮೂಲಾಧಿಕಾರವನ್ನು ಕೊಂಡವನಿಗೆ ಕೊಡದಿರುವುದಕ್ಕೆ ತಯಾರಕರು ಹೇಳುವ ಕಾರಣವೂ ಇದೇ. ಆ ಕಾರಣ ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲ. ಕೊಂಡವನಿಗೆ ಬೇಡವಾದ ಆ್ಯಪುಗಳನ್ನು ಅಳಿಸಲು ಬಾರದಂತೆ ತುಂಬಿ ಕಳಿಸುವುದು ಯಾರ ರಕ್ಷಣೆಗಾಗಿ? ಎರಡು ವರ್ಷಗಳಲ್ಲಿ ಹೊಸ ಆವೃತ್ತಿಗಳನ್ನು ಕೊಡುವುದನ್ನು ನಿಲ್ಲಿಸಿ, ಗಟ್ಟಿಯಾಗಿರುವ ಸಾಧನವನ್ನು ಹಳತೆನಿಸುವುದು ಯಾರ ಹಿತಕ್ಕಾಗಿ?

ಗುಬ್ಬಿ ತಾಲ್ಲೂಕಿನ ನಿಟ್ಟೂರು ತುಮಕೂರಿನಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿರುವ ಊರು. ಸುತ್ತ ತೆಂಗು ಅಡಕೆಯ ತೋಟಗಳು, ಒಂದು ರೈಲು ನಿಲ್ದಾಣ, ಹೊಯ್ಸಳರ ಕಾಲದ ಶಾಂತೀಶ್ವರ ಬಸದಿ. ಈ ಊರಿನ ನಿವೃತ್ತ ಕನ್ನಡ ಉಪಾಧ್ಯಾಯರೊಬ್ಬರ ಮನೆಯಲ್ಲಿ ಹತ್ತು ವರ್ಷಗಳ ಅವಧಿಯೊಳಗೆ ಈ ಪ್ರಶ್ನೆ ಬೇರೆಬೇರೆ ರೂಪಗಳಲ್ಲಿ ಮತ್ತೆಮತ್ತೆ ತಲೆಯೆತ್ತಿತು. ಮೇಷ್ಟ್ರು ಯಂತ್ರಜ್ಞರಲ್ಲ. ಆದರೆ ಯಾವ ಕೆಲಸವನ್ನೂ ‘ಎಲ್ಲರೂ ಮಾಡುತ್ತಾರೆ’ ಎಂಬ ಕಾರಣಕ್ಕೆ ಮಾಡಿದವರಲ್ಲ. ಅವರು ಕಂಡುಕೊಂಡ ಉತ್ತರಗಳು ವಿಚಾರಾರ್ಹವಾಗಿವೆ.

2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರ ದೆಹಲಿಯಲ್ಲಿ ‘ಆಕಾಶ್’ ಎಂಬ ಅಗ್ಗದ ಟ್ಯಾಬ್ಲೆಟ್ಟನ್ನು ವಿದ್ಯಾರ್ಥಿಗಳಿಗಾಗಿ ಬಿಡುಗಡೆ ಮಾಡಿದ ಮೇಲೆ, ಕಡಿಮೆ ಬೆಲೆಯ ಟ್ಯಾಬ್ಲೆಟ್ಟುಗಳ ಮಾತು ಎಲ್ಲೆಡೆ ಹಬ್ಬಿತು. ಮಾರನೆಯ ವರ್ಷ ಮೇಷ್ಟ್ರು ಓದುವುದಕ್ಕೆಂದು ಅಂಥದೇ ಒಂದನ್ನು ತುಮಕೂರಿನಲ್ಲಿ ಕೊಂಡರು. ಅಕ್ಷರಗಳನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದೆಂಬುದು ಅವರಿಗೆ ಮುಖ್ಯವಾಗಿತ್ತು. ಕಣ್ಣಿನ ಪೊರೆ ಆಗಲೇ ಆರಂಭವಾಗಿತ್ತು. ಆದರೆ ಮನೆಗೆ ತಂದು ಕನ್ನಡ ಪುಟವೊಂದನ್ನು ತೆರೆದರೆ ಕಂಡದ್ದು ಅಕ್ಷರಗಳಲ್ಲ, ಸಾಲುಸಾಲು ಖಾಲಿ ಚೌಕಗಳು. ಆ ಕಾಲದ ಆಂಡ್ರಾಯ್ಡಿನಲ್ಲಿ ಕನ್ನಡದ ಅಕ್ಷರವಿನ್ಯಾಸದ ಕಡತವೇ ಇರಲಿಲ್ಲ. ಇದು ಅವರೊಬ್ಬರ ಕಷ್ಟವಾಗಿರಲಿಲ್ಲ. ಆ ವರ್ಷಗಳಲ್ಲಿ ಇಂಥ ಸಾಧನಗಳನ್ನು ಕೊಂಡ ಕನ್ನಡಿಗರೆಲ್ಲರ ಅನುಭವ. ಒಪೆರಾ ಮಿನಿ ಎಂಬ ಬ್ರೌಸರಿನಲ್ಲಿ ಒಂದು ಸೆಟ್ಟಿಂಗನ್ನು ಬದಲಿಸಿದರೆ ಅಕ್ಷರಗಳು ಚಿತ್ರರೂಪದಲ್ಲಿ ಬರುತ್ತಿದ್ದವು. ಉಳಿದ ಕಡೆ ಅದೂ ಇಲ್ಲ. ಕಡತವನ್ನು ಸೇರಿಸಬೇಕಾದ ಜಾಗ ಬೀಗ ಹಾಕಿದ ಅರೆಯಲ್ಲಿತ್ತು. ಕನ್ನಡ ಬೇಕಾದವನು ಒಂದೋ ಕಾಯಬೇಕು, ಇಲ್ಲವೇ ರೂಟ್ ಮಾಡಬೇಕು.

ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವರ ಸೋದರಳಿಯನು ಅದನ್ನು ಮಾಡಿಕೊಡುತ್ತೇನೆಂದು ಬಂದನು. ಮೇಷ್ಟ್ರು ಒಡನೆಯೇ ಟ್ಯಾಬ್ಲೆಟ್ಟನ್ನು ಅವನ ಕೈಗೆ ಕೊಡಲಿಲ್ಲ.

“ಇದು ಕಳ್ಳತನ ಅಲ್ಲ ತಾನೆ?” ಎಂದು ಕೇಳಿದರು.

“ರಸೀದಿ ನಿಮ್ಮ ಹೆಸರಲ್ಲೇ ಇದೆಯಲ್ಲ ಮಾವ. ನಿಮ್ಮದನ್ನು ನೀವು ಬಿಚ್ಚಿದರೆ ಕಳ್ಳತನ ಹೇಗಾಗುತ್ತೆ?”

“ಕೊಟ್ಟವರು ಬೇಡ ಅಂದಿದ್ದರೆ?”

ಇಬ್ಬರೂ ಕುಳಿತು ಗ್ಯಾರಂಟಿ ಕಾಗದವನ್ನು ಓದಿದರು. ಒಳಗಿನ ವ್ಯವಸ್ಥೆಯನ್ನು ಬದಲಿಸಿದರೆ ಒಂದು ವರ್ಷದ ಗ್ಯಾರಂಟಿ ಅನ್ವಯಿಸದು ಎಂದು ಅದರಲ್ಲಿತ್ತು. ಬದಲಿಸಕೂಡದೆಂದು ಇರಲಿಲ್ಲ. ಇಷ್ಟು ಸ್ಪಷ್ಟವಾದ ಮೇಲೆ ಮೇಷ್ಟ್ರು ಒಪ್ಪಿದರು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ, ಅದೇ ಚೌರ್ಯ. ಇಲ್ಲಿಯಾದರೋ ವಸ್ತು ಬೆಲೆ ತೆತ್ತು ಪಡೆದದ್ದು, ಬಿಟ್ಟುಕೊಡಬೇಕಾದದ್ದು ಗ್ಯಾರಂಟಿಯೊಂದನ್ನೇ. ಅದನ್ನು ಬಿಟ್ಟುಕೊಡಲು ತಾನು ಸಿದ್ಧನಾದರೆ ಯಾರಿಗೂ ವಂಚನೆಯಿಲ್ಲ ಎಂಬುದು ಅವರ ನಿಲುವಾಯಿತು.

ಕೆಲಸ ಸುಲಭದಲ್ಲಿ ಮುಗಿಯಲಿಲ್ಲ. ರೂಟ್ ಮಾಡುವಾಗ ವಿದ್ಯುತ್ತು ಹೋದರೆ, ಒಂದು ತಪ್ಪು ಕಡತ ಸೇರಿದರೆ, ಸಾಧನ ಮತ್ತೆ ಎದ್ದೇಳದಿರಬಹುದು. ತರುಣರು ಅದನ್ನು ‘ಬ್ರಿಕ್’ ಆಯಿತು, ಎಂದರೆ ಇಟ್ಟಿಗೆಯಾಯಿತು, ಎನ್ನುತ್ತಾರೆ. ಅಳಿಯನು ಎಚ್ಚರದಿಂದ ಮಾಡಿದ್ದರಿಂದ ಹಾಗಾಗಲಿಲ್ಲ. ಕನ್ನಡ ಅಕ್ಷರಗಳು ಬಂದವು. ಆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ, ಕೊಂಬು ಕೊಡತಿಗಳು ಅಕ್ಷರದಿಂದ ದೂರ ಸರಿದು ಬಂದವು. ಅಕ್ಷರವಿನ್ಯಾಸವಿದ್ದರೆ ಸಾಲದು, ಅಕ್ಷರಗಳನ್ನು ಜೋಡಿಸುವ ತಂತ್ರಾಂಶವೂ ಬೇಕಾಗಿತ್ತು. 2012ರ ಮಧ್ಯಭಾಗದಲ್ಲಿ ಪ್ರಕಟವಾದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ದೊರೆಯಿತು. ಮೇಷ್ಟ್ರ ಟ್ಯಾಬ್ಲೆಟ್ಟಿಗೆ ತಯಾರಕರು ಅದನ್ನು ಒದಗಿಸಲಿಲ್ಲ. ಹವ್ಯಾಸಿ ತಂತ್ರಜ್ಞರು ಪ್ರತಿಫಲ ಬಯಸದೆ ಸಿದ್ಧಪಡಿಸಿದ್ದ ಆವೃತ್ತಿಯೊಂದನ್ನು ಅಳಿಯನೇ ಹುಡುಕಿ ಸೇರಿಸಿದನು. ಮೂಲದ ಬೀಗ ತೆರೆದಿದ್ದರಿಂದಲೇ ಇದು ಸಾಧ್ಯವಾಯಿತು. ಅಂದಿನಿಂದ ಮೇಷ್ಟ್ರು ಕನ್ನಡವನ್ನು ಬಹುಮಟ್ಟಿಗೆ ಸರಿಯಾಗಿ, ದೊಡ್ಡ ಅಕ್ಷರಗಳಲ್ಲಿ ಓದತೊಡಗಿದರು. ರೂಟ್ ಮಾಡುವುದರಿಂದ ಏನು ಲಾಭ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾಗಿಲ್ಲ.

ಪರೀಕ್ಷೆ ಬಂದದ್ದು ಆ ಮೇಲೆ. ಗ್ಯಾರಂಟಿಯ ವರ್ಷ ಮುಗಿಯಲು ಎರಡು ತಿಂಗಳಿರುವಾಗ ಚಾರ್ಜರನ್ನು ಸಿಕ್ಕಿಸುವ ಜಾಗ ಸಡಿಲವಾಗಿ ವಿದ್ಯುತ್ತು ಏರದಂತಾಯಿತು. ಅಳಿಯನು ಒಂದು ಉಪಾಯ ಸೂಚಿಸಿದನು. ಹಳೆಯ ಆವೃತ್ತಿಯನ್ನೇ ಮರಳಿ ಹಾಕಿದರೆ ರೂಟ್ ಮಾಡಿದ್ದು ಯಾರಿಗೂ ತಿಳಿಯದು. ಅಂಗಡಿಯವರು ಪುಕ್ಕಟೆಯಾಗಿ ಸರಿಮಾಡಿಕೊಡುತ್ತಾರೆ. ಅವನ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಸಡಿಲವಾದದ್ದು ಲೋಹದ ಒಂದು ಚೂರು. ಒಳಗಿನ ತಂತ್ರಾಂಶವನ್ನು ಬದಲಿಸಿದ್ದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ತಪ್ಪು ತಯಾರಿಕೆಯದೇ. ನ್ಯಾಯ ನಮ್ಮ ಕಡೆಗಿರುವಾಗ ಸಣ್ಣದೊಂದು ಮರೆಮಾಚುವಿಕೆಯಿಂದ ಏನು ಕೇಡು ಎಂದು ಅವನು ಕೇಳಿದನು.

“ನ್ಯಾಯ ನಮ್ಮ ಕಡೆ ಇದ್ದರೆ ಅದನ್ನೇ ಅವರಿಗೆ ಹೇಳೋಣ ಕಣಪ್ಪ. ಮುಚ್ಚಿಡೋದು ಯಾಕೆ?” ಎಂದರು ಮೇಷ್ಟ್ರು.

ಅಂಗಡಿಗೆ ಹೋಗಿ ಇದ್ದುದನ್ನು ಇದ್ದಂತೆ ಹೇಳಿದರು. ಅಂಗಡಿಯವರು ಕಾಗದವನ್ನು ತೋರಿಸಿ ಆಗದೆಂದರು. ಬೇರೆಡೆ 650 ರೂಪಾಯಿ ಕೊಟ್ಟು ಸರಿಮಾಡಿಸಬೇಕಾಯಿತು. ಅಳಿಯನಿಗೆ ಇದು ದಂಡವೆನಿಸಿತು. ಮೇಷ್ಟ್ರಿಗೆ ಹಾಗೆನಿಸಲಿಲ್ಲ. ಬೀಗ ತೆರೆಯುವಾಗಲೇ ಒಪ್ಪಿಕೊಂಡಿದ್ದ ಬೆಲೆಯನ್ನು ಈಗ ಕೊಟ್ಟೆ ಎಂದಷ್ಟೇ ಅವರು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು. ರೂಟ್ ಮಾಡುವುದು ತಪ್ಪೇ ಎಂಬ ಪ್ರಶ್ನೆಗಿಂತ, ಮಾಡಿದ್ದನ್ನು ಮುಚ್ಚಿಟ್ಟು ಲಾಭ ಪಡೆಯುವುದು ಸರಿಯೇ ಎಂಬ ಪ್ರಶ್ನೆ ದೊಡ್ಡದು. ಮೊದಲನೆಯದರಲ್ಲಿ ಅಭಿಪ್ರಾಯಭೇದಕ್ಕೆ ಎಡೆಯುಂಟು, ಎರಡನೆಯದರಲ್ಲಿ ಇಲ್ಲ.

ತೆರೆದ ಬೀಗ ಇನ್ನೊಂದು ಬಾಗಿಲನ್ನೂ ತೋರಿಸಿತು. ಮೂಲಾಧಿಕಾರ ಕೈಗೆ ಬಂದ ಮೇಲೆ, ಹಣ ಕೊಟ್ಟು ಕೊಳ್ಳಬೇಕಾದ ಆ್ಯಪುಗಳ ಪರಿಶೀಲನೆಯನ್ನು ತಪ್ಪಿಸಿ ಬಿಟ್ಟಿಯಾಗಿ ಬಳಸುವ ದಾರಿಗಳೂ ಸಿಕ್ಕುತ್ತವೆ. ಅಳಿಯನು ಹಾಗೊಂದು ನಿಘಂಟನ್ನು ಮಾವನಿಗೆಂದೇ ಪ್ರೀತಿಯಿಂದ ಸೇರಿಸಿದ್ದನು. ಅದು ಬಿಟ್ಟಿಯದಲ್ಲವೆಂದು ತಿಳಿದಾಗ ಮೇಷ್ಟ್ರು ಕೇಳಿದ್ದು ಒಂದೇ ಮಾತು: “ನಿಘಂಟು ಮಾಡಿದವನಿಗೆ ದುಡ್ಡು ಹೋಯಿತೇ?” ಹೋಗಿರಲಿಲ್ಲ. ಅದನ್ನು ತೆಗೆಸಿಹಾಕಿದರು. ತನ್ನ ಮನೆಯ ಅರೆಯನ್ನು ತೆರೆಯುವ ಕೀಲಿಕೈಯೇ ಪಕ್ಕದವನ ಕಣಜಕ್ಕೂ ತಾಗಿದರೆ, ಕೀಲಿಕೈಯದು ತಪ್ಪಲ್ಲ; ಆದರೆ ಕಣಜವನ್ನು ತೆರೆಯುವ ಹಕ್ಕು ಅದರಿಂದ ಹುಟ್ಟುವುದೂ ಇಲ್ಲ.

ಲೌಕಿಕದ ಕಾನೂನು ಕೂಡ ಈ ಭೇದವನ್ನು ಕಂಡುಕೊಳ್ಳಲು ತಡವರಿಸಿದೆ. ಅಮೆರಿಕದಲ್ಲಿ ಇಂಥ ಬೀಗಗಳನ್ನು ಮುರಿಯುವುದು ಕೃತಿಸ್ವಾಮ್ಯದ ಕಾಯಿದೆಗೆ ವಿರುದ್ಧ. ಮೂರು ವರ್ಷಗಳಿಗೊಮ್ಮೆ ಅಲ್ಲಿಯ ಕಾಂಗ್ರೆಸ್ ಗ್ರಂಥಾಲಯದ ಮುಖ್ಯಸ್ಥರು ಕೆಲವು ವಿನಾಯಿತಿಗಳನ್ನು ಘೋಷಿಸುತ್ತಾರೆ. 2010ರಲ್ಲಿ ಸ್ಮಾರ್ಟ್‌ಫೋನುಗಳಿಗೆ ವಿನಾಯಿತಿ ದೊರೆಯಿತು. 2012ರಲ್ಲಿ ಟ್ಯಾಬ್ಲೆಟ್ಟಿಗೂ ಅದನ್ನು ಕೇಳಿದಾಗ, ಟ್ಯಾಬ್ಲೆಟ್ ಎಂದರೆ ಯಾವುದು ಎಂಬುದೇ ಸ್ಪಷ್ಟವಿಲ್ಲವೆಂದು ನಿರಾಕರಿಸಲಾಯಿತು. 2015ರಲ್ಲಿ ಅದನ್ನೂ ಒಪ್ಪಿದರು. ಎಂದರೆ ಮೂರು ವರ್ಷ ಕಾಲ, ಒಬ್ಬನೇ ಮನುಷ್ಯ ತನ್ನ ಫೋನಿನ ಬೀಗ ತೆರೆದರೆ ನಿರಪರಾಧಿ, ಟ್ಯಾಬ್ಲೆಟ್ಟಿನದನ್ನು ತೆರೆದರೆ ಅಪರಾಧಿ ಎನ್ನುವಂತಿತ್ತು. ಭಾರತದಲ್ಲಿ 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯಿದೆಗೆ 65ಎ ಎಂಬ ಕಲಮು ಸೇರಿತು. ಕೃತಿಕಾರನ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆಯ ಬೀಗವನ್ನು ಮುರಿದವನಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡವನ್ನು ಅದು ವಿಧಿಸುತ್ತದೆ. ಇಲ್ಲಿ ‘ಉದ್ದೇಶ’ ಎಂಬ ಪದ ಗಮನಾರ್ಹ. ಕೈ ಮಾಡಿದ್ದನ್ನು ಮಾತ್ರವಲ್ಲದೆ ಮನಸ್ಸು ಬಯಸಿದ್ದನ್ನೂ ತೂಗಬೇಕೆಂಬುದು ಶ್ರಾವಕಾಚಾರಕ್ಕೆ ಹೊಸದಲ್ಲ.

ಉದ್ದೇಶ ಶುದ್ಧವಾಗಿದ್ದರೆ ಸಾಕೇ? ಸಾಲದು. ಶುದ್ಧ ಉದ್ದೇಶದವನೂ ಪ್ರಮಾದದಿಂದ ಕೇಡನ್ನು ಮಾಡಬಲ್ಲ. 2011ರ ಮಾರ್ಚ್ ತಿಂಗಳಲ್ಲಿ ಆಂಡ್ರಾಯ್ಡಿನ ಅಧಿಕೃತ ಮಳಿಗೆಯಲ್ಲಿಯೇ 50ಕ್ಕೂ ಹೆಚ್ಚು ಆ್ಯಪುಗಳೊಳಗೆ ‘ಡ್ರಾಯ್ಡ್‌ಡ್ರೀಮ್’ ಎಂಬ ದುಷ್ಟ ತಂತ್ರಾಂಶ ಅಡಗಿರುವುದು ಪತ್ತೆಯಾಯಿತು. ಅದು ಮಾಡುತ್ತಿದ್ದುದೂ ರೂಟ್ ಮಾಡುವ ಕೆಲಸವನ್ನೇ. ಒಡೆಯನಿಗೆ ತಿಳಿಯದಂತೆ ಮೂಲಾಧಿಕಾರವನ್ನು ಕಸಿದುಕೊಂಡು ಒಳಗಿನ ಮಾಹಿತಿಯನ್ನು ಹೊರಗೆ ಸಾಗಿಸುತ್ತಿತ್ತು. ಒಡೆಯನೇ ಬಾಗಿಲನ್ನು ತೆರೆದಿಟ್ಟರೆ ಇಂಥ ಕಳ್ಳನಿಗೆ ಕನ್ನ ಕೊರೆಯುವ ಶ್ರಮವೂ ಉಳಿಯಿತು. ‘ಒಮ್ಮೆ ಒತ್ತಿದರೆ ರೂಟ್’ ಎಂದು ಆಮಿಷ ತೋರುವ ಅಪರಿಚಿತ ಆ್ಯಪುಗಳನ್ನು ನಂಬುವವನು, ಬೀಗ ಮಾಡುವವನನ್ನು ವಿಚಾರಿಸದೆ ಮನೆಯ ಕೀಲಿಕೈಯನ್ನು ಅವನ ಕೈಗಿತ್ತು ಪರಊರಿಗೆ ಹೋದಂತೆ.

ಇತರ ಅಪಾಯಗಳನ್ನೂ ತಿಳಿದಿರಬೇಕು. ಈಗಿನ ಸಾಧನಗಳಲ್ಲಿ ರೂಟ್ ಮಾಡುವ ಮೊದಲು ಬೂಟ್‌ಲೋಡರ್ ಎಂಬ ಹೊರಬೀಗವನ್ನು ತೆರೆಯಬೇಕಾಗುತ್ತದೆ. ಹಾಗೆ ತೆರೆದ ಕೂಡಲೇ ಸಾಮಾನ್ಯವಾಗಿ ಒಳಗಿನ ಚಿತ್ರ, ಧ್ವನಿ, ಬರೆಹ ಎಲ್ಲವೂ ಅಳಿಸಿಹೋಗುತ್ತವೆ. ಕದ್ದ ಸಾಧನದಿಂದ ಕಳ್ಳನಿಗೆ ಏನೂ ಸಿಗದಿರಲೆಂಬುದೇ ಇದರ ಉದ್ದೇಶ. ಆದರೆ ಪ್ರತಿಯನ್ನು ಬೇರೆಡೆ ತೆಗೆದಿಡದ ಅವಸರದ ಒಡೆಯನಿಗೂ ಅದೇ ಗತಿ. ಅಗಲಿದವರ ಧ್ವನಿ ಅದರಲ್ಲಿದ್ದರೆ ಮತ್ತೆ ತರುವವರು ಯಾರು? ಸ್ಯಾಮ್‌ಸಂಗ್ ಕಂಪನಿಯ ಅನೇಕ ಸಾಧನಗಳಲ್ಲಿ ‘ನಾಕ್ಸ್’ ವ್ಯವಸ್ಥೆಯ ಒಂದು ಸೂಕ್ಷ್ಮ ಫ್ಯೂಸ್ ಇದೆ; ಅನಧಿಕೃತ ವ್ಯವಸ್ಥೆಯನ್ನು ಹಾಕಿದರೆ ಅದು ಸುಟ್ಟುಹೋಗುತ್ತದೆ, ಅನಂತರ ಹಿಂದಿನದನ್ನೇ ಹಾಕಿದರೂ ಅದು ಕೂಡುವುದಿಲ್ಲ. ಬ್ಯಾಂಕಿನ ಮತ್ತು ಯುಪಿಐ ಆ್ಯಪುಗಳಲ್ಲಿ ಅನೇಕವು ರೂಟ್ ಆದ ಸಾಧನದಲ್ಲಿ ಕೆಲಸಮಾಡಲು ನಿರಾಕರಿಸುತ್ತವೆ. ಅವನ್ನು ವಂಚಿಸುವ ಉಪಾಯಗಳೂ ಉಂಟು. ಸಂಘದ ಹಣ, ದೇವಾಲಯದ ಹಣ, ಸ್ವಸಹಾಯ ಗುಂಪಿನ ಉಳಿತಾಯವನ್ನು ತನ್ನ ಸಾಧನದ ಮೂಲಕ ನಿರ್ವಹಿಸುವವನು ಅಂಥ ಉಪಾಯಕ್ಕೆ ಕೈ ಹಾಕಬಾರದು. ಅಲ್ಲಿ ಪಣಕ್ಕಿಟ್ಟಿರುವುದು ಅವನ ಸ್ವತ್ತಲ್ಲ.

ಮೇಷ್ಟ್ರ ಮನೆಯಲ್ಲಿ ಈ ಪ್ರಶ್ನೆ ಕಡೆಯ ಬಾರಿ ಎದ್ದದ್ದು 2021ರಲ್ಲಿ, ಅವರ ಮೊಮ್ಮಗಳಿಂದ. ಕೋವಿಡ್ ಕಾಲದಲ್ಲಿ ತರಗತಿಗಳು ನಿಂತಾಗ ಕರ್ನಾಟಕ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳನ್ನು ಹಂಚಿತು. ಸರ್ಕಾರಿ ಪದವಿ ಕಾಲೇಜಿನಲ್ಲಿ ಓದುತ್ತಿದ್ದ ಆಕೆಗೂ ಒಂದು ಬಂದಿತು. ಕೆಲವು ದಿನಗಳಲ್ಲಿಯೇ ಜಾಗ ಸಾಲದೆಂದು, ಬೇಡದ ಆ್ಯಪುಗಳು ತುಂಬಿವೆಯೆಂದು, ರೂಟ್ ಮಾಡಿಸುತ್ತೇನೆಂದು ಹೊರಟಳು. ತಾತ ಹಿಂಜರಿದದ್ದನ್ನು ಕಂಡು ಆಕೆ ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

“ತಾತ, ನಿಮ್ಮದನ್ನು ಮಾವ ಬಿಚ್ಚಿದಾಗ ಸರಿಯಾಗಿತ್ತು. ನಾನು ಬಿಚ್ಚಿದರೆ ಮಾತ್ರ ತಪ್ಪೇ?”

“ತಪ್ಪು ಅಂತ ನಾನೆಲ್ಲಿ ಅಂದೆನಮ್ಮ? ಆವತ್ತು ನನಗೆ ಅಕ್ಷರ ಕಾಣುತ್ತಿರಲಿಲ್ಲ. ಇವತ್ತು ನಿನಗೆ ಏನು ಕಾಣುತ್ತಿಲ್ಲ, ಹೇಳು.”

ಅವರು ಬೇಡವೆಂದು ಆಜ್ಞೆ ಮಾಡಲಿಲ್ಲ. ಮೂರು ಪ್ರಶ್ನೆಗಳನ್ನು ಮುಂದಿಟ್ಟರು. ವಸ್ತು ಯಾರದು, ಏತಕ್ಕಾಗಿ ಬಂದದ್ದು? ಮಾಡಹೊರಟ ಕೆಲಸದಿಂದ ತೀರುವ ಅಗತ್ಯ ಯಾವುದು? ಕೆಟ್ಟರೆ ನಷ್ಟ ಯಾರಿಗೆ? ಆಕೆ ಒಂದೊಂದಕ್ಕೂ ಉತ್ತರ ಹುಡುಕಿದಳು. ಟ್ಯಾಬ್ಲೆಟ್ ಕೈಯಲ್ಲಿದ್ದರೂ ಅದು ಜನರ ತೆರಿಗೆಯ ಹಣದಿಂದ, ಓದಿಗೆಂದು ಬಂದದ್ದು. ಕೆಟ್ಟರೆ ಆಕೆಯ ತರಗತಿಯೇ ನಿಲ್ಲುತ್ತದೆ, ಏಕೆಂದರೆ ಆಗ ಇದ್ದ ತರಗತಿಯೆಂದರೆ ಅದೊಂದೇ. ಇನ್ನು ಅಗತ್ಯದ ಮಾತು. ಹುಡುಕಿದಾಗ, ಮೊದಲೇ ತುಂಬಿಬಂದ ಆ್ಯಪುಗಳಲ್ಲಿ ಹೆಚ್ಚಿನವನ್ನು ಅಳಿಸಲಾಗದಿದ್ದರೂ ಸೆಟ್ಟಿಂಗುಗಳಲ್ಲಿಯೇ ನಿಷ್ಕ್ರಿಯಗೊಳಿಸಬಹುದೆಂದು ತಿಳಿಯಿತು. ಪಾಠದ ವಿಡಿಯೋಗಳಿಗೆ ಒಂದು ಮೆಮೊರಿ ಕಾರ್ಡನ್ನು ಹಾಕಿಸಿಕೊಂಡಳು. ರೂಟ್ ಮಾಡುವ ಅಗತ್ಯ ಬೀಳಲಿಲ್ಲ.

ಪ್ರಯೋಜನವಿಲ್ಲದ ಪಾಪಕಾರ್ಯವನ್ನು ಆಚಾರ್ಯರು ಅನರ್ಥದಂಡವೆಂದು ಕರೆದು, ಅದರಿಂದ ವಿರತನಾಗುವುದನ್ನು ಗೃಹಸ್ಥನಿಗೆ ಗುಣವ್ರತವಾಗಿ ವಿಧಿಸಿದ್ದಾರೆ. ಗೃಹಸ್ಥನು ಮುನಿಯಲ್ಲ, ಅವನು ಅಗೆಯಬೇಕು, ಬೇಯಿಸಬೇಕು, ವ್ಯಾಪಾರ ಮಾಡಬೇಕು. ಆದ್ದರಿಂದಲೇ ಅವನ ಮುಂದಿರುವ ಪ್ರಶ್ನೆ ‘ಮಾಡಬಹುದೇ’ ಎಂಬುದಲ್ಲ, ‘ಏತಕ್ಕಾಗಿ’ ಎಂಬುದು. ತೋಟಕ್ಕೆ ನೀರು ಬಿಡಲು ಕಾಲುವೆಯನ್ನು ಕಡಿಯುವುದು ಒಂದು. ಕೈಯಲ್ಲಿ ಗುದ್ದಲಿಯಿದೆಯೆಂದು ಏರಿಯನ್ನು ಕಡಿಯುವುದು ಇನ್ನೊಂದು. ಗೆಳೆಯರೆಲ್ಲ ಮಾಡಿದರೆಂದು, ತನ್ನಿಂದಾಗುತ್ತದೆಯೇ ನೋಡೋಣವೆಂದು, ಇದ್ದೊಂದು ಸಾಧನವನ್ನು ರೂಟ್ ಮಾಡುವುದು ಈ ಎರಡನೆಯ ಗುಂಪಿಗೆ ಸೇರುತ್ತದೆ. ಕಲಿಯುವ ಆಸೆಯಿದ್ದರೆ, ಮೂಲೆಗೆ ಬಿದ್ದಿರುವ ಹಳೆಯ ಸಾಧನದ ಮೇಲೆ ಕಲಿಯಲಿ. ಅಲ್ಲಿ ಕೆಟ್ಟರೂ ಯಾರ ಓದೂ ನಿಲ್ಲುವುದಿಲ್ಲ, ಯಾರ ಲೆಕ್ಕವೂ ಕಳೆಯುವುದಿಲ್ಲ.

ಹಾಗೆಂದು ಬೀಗವನ್ನು ಎಂದೂ ಮುಟ್ಟದಿರುವುದೇ ಧರ್ಮವೆಂದು ಭಾವಿಸುವುದೂ ಸರಿಯಲ್ಲ. ತಯಾರಕರು ಕೈಬಿಟ್ಟ ಸಾಧನಕ್ಕೆ ‘ಲೀನಿಯೇಜ್ ಓಎಸ್’ನಂಥ ಮುಕ್ತ ವ್ಯವಸ್ಥೆಗಳು ಇನ್ನೂ ಕೆಲವು ವರ್ಷಗಳ ಆಯುಷ್ಯವನ್ನು ಕೊಡಬಲ್ಲವು. ಮೇಷ್ಟ್ರ ಟ್ಯಾಬ್ಲೆಟ್ ಏಳು ವರ್ಷ ಬಾಳಿತು. ಬೀಗ ತೆರೆಯದಿದ್ದರೆ ಒಂದೇ ವರ್ಷದಲ್ಲಿ ಅದು ಬೇಡದ ವಸ್ತುವಾಗಿ ಇನ್ನೊಂದನ್ನು ಕೊಳ್ಳಬೇಕಾಗುತ್ತಿತ್ತು. ಪ್ರತಿಯೊಂದು ಹೊಸ ಸಾಧನದ ಹಿಂದೆಯೂ ನೆಲವನ್ನು ಬಗೆದು ತೆಗೆದ ಲಿಥಿಯಂ, ಕೋಬಾಲ್ಟ್, ತಾಮ್ರ, ಚಿನ್ನಗಳಿವೆ. ಅಲ್ಲಿ ನಾಶವಾದ ಜೀವಗಳಿವೆ. ಇರುವುದನ್ನೇ ದೀರ್ಘಕಾಲ ಬಳಸುವುದು ಪರಿಗ್ರಹ ಪರಿಮಾಣದ ಇಂದಿನ ಒಂದು ರೂಪವೆಂದರೆ ತಪ್ಪಾಗದು. 2019ರಲ್ಲಿ ಅದರ ಬ್ಯಾಟರಿ ಉಬ್ಬಿದಾಗ ಮೇಷ್ಟ್ರು ಅದನ್ನು ಗುಜರಿಗೆ ಹಾಕಲಿಲ್ಲ. ಬೆಂಗಳೂರಿನ ದಾರಿಯಲ್ಲಿರುವ ದಾಬಸ್‌ಪೇಟೆಯಲ್ಲಿ 2005ರಿಂದ ನಡೆಯುತ್ತಿರುವ ‘ಇ-ಪರಿಸರ’ ಎಂಬ ಇ-ತ್ಯಾಜ್ಯ ಸಂಸ್ಕರಣ ಘಟಕಕ್ಕೆ ತಲುಪುವಂತೆ ಮಾಡಿದರು. ಬೀಗ ತೆರೆದು ಪಡೆದ ವಸ್ತುವಿನ ಹೊಣೆ ಅದರ ಕೊನೆಯವರೆಗೂ ತೆರೆದವನದೇ.

ಬಸದಿಯ ಭಂಡಾರದ ಕೀಲಿಕೈಯನ್ನು ಒಬ್ಬರ ಕೈಗೆ ಒಪ್ಪಿಸುವಾಗ ಹಿರಿಯರು ಅವರ ಬಲವನ್ನು ನೋಡುವುದಿಲ್ಲ, ಸಂಯಮವನ್ನು ನೋಡುತ್ತಾರೆ. ಮೂಲಾಧಿಕಾರದ ಕೀಲಿಕೈಯನ್ನಾದರೋ ಯಾರೂ ಒಪ್ಪಿಸುವುದಿಲ್ಲ. ಮನುಷ್ಯನು ತಾನೇ ತೆಗೆದುಕೊಳ್ಳುತ್ತಾನೆ. ಆದ್ದರಿಂದ ತನ್ನ ಸಂಯಮವನ್ನೂ ತಾನೇ ನೋಡಿಕೊಳ್ಳಬೇಕಾಗುತ್ತದೆ. ಸರಿಯಾಗಿ ರೂಟ್ ಮಾಡಿದ ಸಾಧನದಲ್ಲಿ ಯಾವುದೇ ಆ್ಯಪ್ ಮೊದಲ ಬಾರಿಗೆ ಮೂಲಾಧಿಕಾರವನ್ನು ಬೇಡಿದಾಗ, ಕೊಡಬೇಕೇ ನಿರಾಕರಿಸಬೇಕೇ ಎಂದು ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿ ಕೆಲವು ಕ್ಷಣ ಉತ್ತರಕ್ಕಾಗಿ ಕಾಯುತ್ತದೆ. ಓದದೆ ಒತ್ತುವವನಿಗೆ ಅದು ಕಿರಿಕಿರಿ. ವ್ರತಿಯಾದವನಿಗೆ ತನ್ನ ಅಗತ್ಯವೇನು, ಇತರರ ಹಿತವೇನು ಎಂದು ಯೋಚಿಸಲು ಆ ಕೆಲವು ಕ್ಷಣಗಳು ಸಾಕು.